ಬಾವಿಗೆ ಇಳಿದವನ ಪುಟ

ನಾನು ಪದವಿ ತರಗತಿಯ ಕನ್ನಡ ಪಠ್ಯಪುಸ್ತಕ. ಗದಗಿನ ಒಂದು ಮುದ್ರಣಾಲಯದಲ್ಲಿ ಅವಸರದಲ್ಲೇ ಹುಟ್ಟಿದೆ. ಕವಿತೆಗಳ ಭಾಗದಲ್ಲಿ ಒಂದು ಪುಟ ಖಾಲಿ ಉಳಿದಾಗ, ಪುಟ ಕಟ್ಟುವವನು ಕಥೆಗಳ ಭಾಗದಿಂದ ಒಂದು ಹನಿಗತೆಯನ್ನು ಎತ್ತಿ ತಂದು, ಜಾಗ ತುಂಬಲೆಂದು ಸಾಲು ಮುರಿದು ಜೋಡಿಸಿಬಿಟ್ಟ. ಸಂಪಾದಕರು ಇದ್ದರು, ನೋಡಲಿಲ್ಲ. ಅವರು ನೋಡಿದ್ದು ತಮ್ಮ ಹೆಸರಿನ ಮುಂದೆ 'ಡಾ.' ಇದೆಯೋ ಇಲ್ಲವೋ ಎಂದಷ್ಟೇ.

ಆ ಕಥೆ ಇಷ್ಟೇ: ಬಾವಿಗೆ ಕೊಡ ಬಿತ್ತು. ಒಬ್ಬ ಹಗ್ಗ ಹಿಡಿದು ಇಳಿದ. ಕೊಡವನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕಳಿಸಿದ. ಮೇಲಿದ್ದವರು ಕೊಡ ಬಿಚ್ಚಿಕೊಂಡು, ಹಗ್ಗ ಸುತ್ತಿಕೊಂಡು ಮನೆಗೆ ಹೋದರು.

ನನ್ನ ಮೊದಲ ಒಡೆಯ ನನ್ನಿಂದ ಗಾಳಿ ಬೀಸಿಕೊಂಡ, ಪರೀಕ್ಷೆಗೆ ಗೈಡ್ ಓದಿದ. ಎರಡನೆಯವನು ನನ್ನ ಮೇಲೆ ತಲೆಯಿಟ್ಟು ಮಲಗಿದ, ಜೊಲ್ಲಿನ ಕಲೆ ಇನ್ನೂ ಇದೆ. ಅವನೇ ಕಾಲೇಜಿನ ಗ್ರಂಥಾಲಯಕ್ಕೆ ನನ್ನನ್ನು ದಾನ ಕೊಟ್ಟ. ಕಸ ಎಸೆಯುವುದಕ್ಕೂ ಈ ಜನಕ್ಕೆ ಪುಣ್ಯ ಬೇಕು.

ಅಲ್ಲಿಂದ ನನ್ನನ್ನು ಒಯ್ದವಳು ನೀಲಗಂಗಾ. ಅವಳು ನಿಜವಾಗಿಯೂ ಓದುತ್ತಿದ್ದಳು.

ಅವಳಿಗೆ ಕನ್ನಡ ಕಲಿಸುತ್ತಿದ್ದ ಕೊಪ್ಪದ ಸರ್ ನನ್ನ ಸಂಪಾದಕರಲ್ಲೊಬ್ಬರು. ಕವಿತೆ ಎಂದರೆ ಹಾಡಲೇಬೇಕು ಎಂಬುದು ಅವರ ವ್ರತ. ಈ ಕಥೆಯನ್ನೂ ಮೋಹನ ರಾಗದಲ್ಲಿ ಎಳೆದರು. 'ಮನೆಗೆ ಹೋದರು' ಎಂಬಲ್ಲಿ ಕಣ್ಣು ಮುಚ್ಚಿ ಆಲಾಪ ಬೇರೆ! ಕೊಡ ಎಂದರೆ ಆತ್ಮ, ಬಾವಿ ಎಂದರೆ ಸಂಸಾರ ಎಂದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಹುಡುಗರು ಅದನ್ನೇ ಬರೆದುಕೊಂಡರು.

ನೀಲಗಂಗಾಳ ಸೆಮಿನಾರಿಗೆ ಸಿಕ್ಕ ವಿಷಯ 'ಹನಿಗತೆ ಮತ್ತು ಕವಿತೆ'. ಅದರಲ್ಲಿ ಒಳ್ಳೆಯ ಅಂಕ ಬಂದರಷ್ಟೇ ಎಂ.ಎ. ಸೀಟು. "ನಾ ಹೇಳಿದ್ದಷ್ಟ ಹೇಳು, ಅಂಕ ಕೊಡತೇನಿ" ಎಂದು ಸರ್ ಮೊದಲೇ ಹೇಳಿದ್ದರು. ಅವಳು ಎದ್ದು ನಿಂತಳು. ನನ್ನನ್ನು ತೆರೆದು ಆ ಪುಟದ ಮೇಲೆ ಬೆರಳಿಟ್ಟಳು.

"ಸರ್, ಬಾವ್ಯಾಗ ಇಳಿದಾವ ಏನಾದ್ರಿ?"

"ಕವಿತಾದಾಗ ಹಂಗ ಕೇಳಬಾರದವಾ."

"ಇದು ಕವಿತಾ ಅಲ್ರಿ ಸರ್, ಕತಿ. ಕವಿತಾ ಓದಿದ್ರ ಮನಸಿನ್ಯಾಗ ಗುನುಗುತೈತಿ. ಇದನ್ನ ಓದಿದ್ರ ಎದ್ದು ಹೋಗಿ ಹಗ್ಗ ಹುಡುಕಬೇಕು ಅನಸತೈತ್ರಿ."

ಸರ್ ಅವಳಿಗೆ ಪಾಸಾಗುವಷ್ಟೂ ಅಂಕ ಕೊಡಲಿಲ್ಲ, ಸೀಟು ತಪ್ಪಿತು.

ಮರುದಿನ ಅವರು ಮತ್ತೆ ರಾಗ ತೆಗೆದಾಗ ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ: "ಸರ್, ಮೊದಲ ಅವನ್ನ ಮ್ಯಾಲೆ ತಗೀರಿ!" ನಕ್ಕವರು ಕೆಲವರು. ಉಳಿದವರು ನಗಲಿಲ್ಲ, ಉತ್ತರಕ್ಕೆ ಕಾದರು. ಸರ್ ರಾಗ ಬಿಟ್ಟು ಮುಂದಿನ ಪುಟ ತಿರುವಿದರು.

ಈಗ ನಾನು ಗ್ರಂಥಾಲಯದ ಅಟ್ಟದ ಮೇಲೆ ಸುತಳಿ ಬಿಗಿಸಿಕೊಂಡು ಬಿದ್ದಿದ್ದೇನೆ. ಹೊಸ ಮುದ್ರಣ ಬಂದಿದೆಯಂತೆ. ಕಥೆಯನ್ನು ಕಥೆಗಳ ನಡುವೆ ಇಟ್ಟಿದ್ದರೆ ತಪ್ಪು ಒಪ್ಪಿಕೊಂಡಂತಾಗುತ್ತಿತ್ತಲ್ಲ? ಪಂಡಿತರೆಲ್ಲ ಸಭೆ ಸೇರಿ ಆ ಪುಟವನ್ನೇ ಕಿತ್ತುಹಾಕಿದರು. ಒಳಗಿದ್ದವನನ್ನು ಎತ್ತುವುದಕ್ಕಿಂತ ಬಾವಿ ಮುಚ್ಚುವುದೇ ಅವರಿಗೆ ಸುಲಭವಾಯಿತು.