ಬಿಟ್ಟುಹೋದ ಒಂದು ಅಕ್ಷರ

ಆ ಮೆಸೇಜು ಬಂದಾಗ ಯಮನಪ್ಪ ದೊಡ್ಡನೆಕ್ಕುಂದಿಯ ಹೊಸ ಕಟ್ಟಡವೊಂದರ ಮೇಲೆ ಕಂಬಿ ಕಟ್ಟುತ್ತಿದ್ದ. ಬುತ್ತಿ ಉಂಡು ಈಗಷ್ಟೇ ಮತ್ತೆ ಕೆಲಸಕ್ಕೆ ಹತ್ತಿದ್ದ. ಫೋನು ತೆಗೆದು ನೋಡಿದರೆ ಇಂಗ್ಲಿಷು. ಹೆಂಡತಿ ದುಡಿಯುವ ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸಿನ ಸೂಪರ್‌ವೈಸರ್ ಪದ್ಮಾವತಿಯ ನಂಬರು ಅನ್ನುವುದಷ್ಟೇ ತಿಳಿಯಿತು. ಆ ಫ್ಯಾಕ್ಟರಿಯಲ್ಲಿ ಹೆಂಗಸರ ಫೋನುಗಳನ್ನು ಗೇಟಿನಲ್ಲೇ ಇಸಿದುಕೊಳ್ಳುತ್ತಾರೆ. ಮನೆಯವರಿಗೆ ಏನಾದರೂ ತಿಳಿಸಬೇಕಿದ್ದರೆ ಸೂಪರ್‌ವೈಸರೇ ತಿಳಿಸಬೇಕು, ಅದೂ ಇಂಗ್ಲಿಷಿನಲ್ಲಿ. ಮೇಲಿನ ಆಫೀಸಿನವರಿಗೆ ಕನ್ನಡ ಬಾರದು. ಹೊರಗೆ ಹೋಗುವ ಮಾತು ಅವರಿಗೂ ಅರ್ಥವಾಗಬೇಕು.

ಯಮನಪ್ಪ ಲಿಂಗಸುಗೂರು ಕಡೆಯ ಹಳ್ಳಿಯವನು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಕೆಳಗಿಳಿದು ಬಂದು ಸೈಟ್ ಎಂಜಿನಿಯರ್ ಶಶಿಕುಮಾರನ ಮುಂದೆ ಫೋನು ಹಿಡಿದ.

"ಸಾರ್, ಏನ್ ಬರದಾರ ನೋಡ್ರಿ."

ಶಶಿಕುಮಾರ್ ಓದಿದ. ಮತ್ತೊಮ್ಮೆ ಓದಿದ. ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಕೂತ್ಕೊ ಯಮನಪ್ಪ. ಮೊದ್ಲು ಕೂತ್ಕೊ."

"ಏನಾತ್ರಿ?"

"ಶೇಖವ್ವ ಡೈಯಿಂಗ್. ಟುಡೇ ಲೇಟ್. ಡೋಂಟ್ ವೇಟ್. ಹಿಂಗೆ ಬರ್ದಿದಾರೆ. ಶೇಖವ್ವ ಅಂದ್ರೆ..."

"ನನ್ನ ಹೇಣ್ತಿರಿ."

ಶಶಿಕುಮಾರ್ ಫೋನು ವಾಪಸ್ ಕೊಟ್ಟ. "ತುಂಬಾ ಸೀರಿಯಸ್ ಇದೆ ಅಂತೆ. ಉಳಿಯೋದು ಕಷ್ಟ. ಕಾಯ್ತಾ ಕೂರ್ಬೇಡಿ ಅಂತಿದಾರೆ. ನೀನು ಹೊರಡು, ಈಗ್ಲೇ ಹೊರಡು."

ಪದ್ಮಾವತಿಗೆ ಅವನೇ ಫೋನು ಮಾಡಿದ. ಎತ್ತಲಿಲ್ಲ. ಆಟೊ ಕರೆಸಿ ಹತ್ತಿಸಿದ. ಸಿಮೆಂಟಿನ ಕೈಕಾಲಲ್ಲೇ ಯಮನಪ್ಪ ಹೊರಟ.

ರಿಂಗ್ ರೋಡು ಎಂದಿನಂತೆ ಇತ್ತು. ಮಾರತಹಳ್ಳಿ ದಾಟುವಷ್ಟರಲ್ಲಿ ಆಟೊ ನಿಂತು ನಿಂತು ಸಾಗಿತು. ಯಮನಪ್ಪನಿಗೆ ಅಳು ಬರಲಿಲ್ಲ. ಬೆಳಿಗ್ಗೆ ಅವಳು ಯಾವ ಸೀರೆ ಉಟ್ಟಿದ್ದಳು ಎಂದು ನೆನಪಿಸಿಕೊಳ್ಳಲು ನೋಡಿದ; ಆಗಲಿಲ್ಲ. ಏನು ಮಾತಾಡಿದ್ದಳು? ಮಾತಾಡಿದ್ದಳೇ? ಆಗ ಅವನಿಗೆ ಆ 'ಲೇಟ್' ನೆನಪಾಯಿತು. ಅವರ ಮದುವೆ ಕಾರ್ಡಿನಲ್ಲಿ ಅವನ ತಂದೆಯ ಹೆಸರಿನ ಹಿಂದೆ ಅದೇ ಮಾತು ಇತ್ತು. ಲೇಟ್ ಅಂದರೆ ಸತ್ತವರು. ಶಶಿಕುಮಾರ್ ಸಾರ್ ಗೊತ್ತಿದ್ದೂ ಹೇಳಲಿಲ್ಲ, ನನಗೆ ತಡೆಯಲಾಗದೆಂದು ಮುಚ್ಚಿಟ್ಟರು ಅಂದುಕೊಂಡ. ಊರಿಗೆ ಫೋನು ಹಚ್ಚಿದ. ಶೇಖವ್ವನ ತಮ್ಮ ಬಸಲಿಂಗ ಎತ್ತಿದ.

"ಬಸಲಿಂಗಾ, ನಿಮ್ಮಕ್ಕ ಉಳೀಲಿಲ್ಲೋ. ಫ್ಯಾಕ್ಟರ್‍ಯಾಗ ಏನೋ ಆಗೇತಿ. ಅವ್ವನ ಕರ್ಕೊಂಡ್ ಬಾ."

ಆ ಕಡೆಯಿಂದ ಅತ್ತೆಯ ಚೀರಾಟ ಕೇಳಿತು. ಫೋನು ಕಟ್ಟಾಯಿತು.

ಗೇಟಿನಲ್ಲಿ ಕಾವಲಿಗಿದ್ದವನು ಆನೇಕಲ್ ಕಡೆಯ ಶ್ಯಾಮಣ್ಣ ಎಂಬ ಮುದುಕ. ಯಮನಪ್ಪ ಓಡಿಬಂದು ಕಂಬಿ ಹಿಡಿದ.

"ಯಣ್ಣಾ, ಶೇಖವ್ವ! ನನ್ನ ಹೇಣ್ತಿ! ಯಾವ ದವಾಖಾನಿಗೆ ಒಯ್ದಾರ?"

"ಯಾವ ಸೆಕ್ಷನ್ನಪ್ಪ?"

"ಹೊಲಿಯೂದು."

ಶ್ಯಾಮಣ್ಣ ಹಾಜರಿ ಪಟ್ಟಿ ತಿರುವಿ ತಲೆ ಕೆರೆದುಕೊಂಡ. "ಸ್ಟಿಚಿಂಗ್‌ನಾಗೆ ಅಂಗೊಬ್ರು ಇಲ್ವಲ್ಲ. ಇದ್ರು, ಈಗ ಎಸ್ರು ತೆಗದವ್ರೆ."

ಯಮನಪ್ಪ ಅಲ್ಲೇ ಕುಸಿದು ಕೂತ. ಇಷ್ಟು ಬೇಗ ಹೆಸರನ್ನೂ ಅಳಿಸಿಬಿಟ್ಟರೇ? ಮುದುಕನಿಗೆ ಗಾಬರಿಯಾಗಿ ಒಳಗೆ ಫೋನು ಮಾಡಿದ. ಸ್ವಲ್ಪ ಹೊತ್ತಿಗೆ ಪದ್ಮಾವತಿ ಬಿರಬಿರನೆ ನಡೆದುಬಂದಳು. ನಲವತ್ತರ ಆಸುಪಾಸಿನ ಹೆಂಗಸು, ಕೊರಳಲ್ಲಿ ಟೇಪು.

"ಏನ್ರೀ ಇದು ಗಲಾಟೆ?"

ಯಮನಪ್ಪ ಫೋನು ಮುಂದೆ ಹಿಡಿದ. ತಾನೇ ಕಳಿಸಿದ ಮೆಸೇಜನ್ನು ಓದಿದ ಪದ್ಮಾವತಿಯ ಕೈ ಬಾಯಿಗೆ ಹೋಯಿತು.

"ಅಯ್ಯೋ ದೇವ್ರೆ! ಇದು ಡೈಯಿಂಗ್ ಅಲ್ಲ ಕಣ್ರೀ, ಡೈಯಿಂಗ್!"

ಯಮನಪ್ಪನ ಕಿವಿಗೆ ಎರಡೂ ಒಂದೇ ಕೇಳಿಸಿತು. ಮಿಕಿಮಿಕಿ ನೋಡಿದ.

"ಬಣ್ಣ ಹಾಕೋದು, ಬಟ್ಟೆಗೆ ಬಣ್ಣ! ಆ ಸೆಕ್ಷನ್ ಹೆಸ್ರೇ ಅದು. ಅದನ್ನ ಇಂಗ್ಲಿಷಲ್ಲಿ ಬರಿಯುವಾಗ ನಡುವೆ 'ವೈ' ಆದ್ಮೇಲೆ ಒಂದು 'ಇ' ಹಾಕ್ಬೇಕು. ಅವಸರದಲ್ಲಿ ಬಿಟ್ಟುಹೋಗಿದೆ. 'ಇ' ಇಲ್ದೇ ಇದ್ರೆ ಸಾಯೋದು ಅಂತ ಆಗ್ಬಿಡತ್ತೆ. ಇವತ್ತು ಲೋಡ್ ಜಾಸ್ತಿ, ಬರೋದು ತಡ ಆಗತ್ತೆ, ಕಾಯ್ಬೇಡಿ ಅಂತ ಬರ್ದಿದ್ದು ಅಷ್ಟೇ."

"ಬದುಕ್ಯಾಳೇನ್ರಿ?"

"ಚೆನ್ನಾಗಿದಾಳೆ ಕಣ್ರೀ! ಶ್ಯಾಮಣ್ಣ, ಕರ್ಸಿ ಅವ್ಳನ್ನ."

ಬಣ್ಣದ ಹಬೆ ತುಂಬಿದ ಹಿಂದಿನ ತಗಡಿನ ಶೆಡ್ಡಿನಿಂದ ಶೇಖವ್ವ ಬಂದಳು. ಮೊಣಕಾಲಿನ ತನಕ ರಬ್ಬರ್ ಬೂಟು, ಸೀರೆಯ ಮೇಲೆ ಗಂಡಸರ ಅಂಗಿ. ಮೊಣಕೈ ತನಕ ನೀಲಿ. ಗಂಡನನ್ನು ಕಂಡು ಅವಳು ಓಡಿಬರಲಿಲ್ಲ. ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ನಿಂತಳು. ಯಮನಪ್ಪನಿಗೂ ಮೊದಲು ಬಂದದ್ದು ಸಂತೋಷವಲ್ಲ, ಸಿಟ್ಟು.

"ಯಾವಾಗಿಂದ ಇಲ್ಲಿ?"

"ತಿಂಗಳ ಮ್ಯಾಲಾತು."

"ನನಗ್ಯಾಕ ಹೇಳಲಿಲ್ಲ?"

ಅವಳು ಪದ್ಮಾವತಿಯ ಕಡೆ ನೋಡಿದಳು. ಪದ್ಮಾವತಿ ಏನೋ ಕೆಲಸ ನೆನಪಾದವಳಂತೆ ಒಳಗೆ ಹೋದಳು. ಆಮೇಲೆ ಶೇಖವ್ವ ಹೇಳಿದಳು. ಪಕ್ಕದ ಮಷಿನ್ನಿನ ಗೌರಿ ಬಸುರಿ. ಟಾಯ್ಲೆಟ್ಟಿಗೆ ಏಳಲು ಬಿಡದೆ ಕೂರಿಸಿದಾಗ ಶೇಖವ್ವ ತನ್ನ ಮಷಿನ್ನು ನಿಲ್ಲಿಸಿ, ಅವಳ ಕೈ ಹಿಡಿದು ಎಬ್ಬಿಸಿಕೊಂಡು ಹೋಗಿದ್ದಳು. ಲೈನಿನ ಹೆಂಗಸರೆಲ್ಲ ನೋಡಿದರು. ಮರುದಿನ ಬೆಳಿಗ್ಗೆ ಶೇಖವ್ವನ ಸ್ಟೂಲಿನ ಮೇಲೆ ಬೇರೆ ಯಾರೋ ಕೂತಿದ್ದರು; ಅವಳನ್ನು ಬಣ್ಣದ ಶೆಡ್ಡಿಗೆ ಕಳಿಸಿದರು.

"ಹೇಳಿದ್ರ ನೀ ಇಲ್ಲಿ ಬಂದು ಜಗಳಾ ತಗೀತಿದ್ದಿ. ಇದ್ದ ಕೆಲಸಾನೂ ಹೋಗ್ತಿತ್ತು," ಅಂದಳು. ಅಂದು, ಕೆಮ್ಮಿದಳು. ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು.

ಆಗ ಯಮನಪ್ಪನಿಗೆ ಊರು ನೆನಪಾಯಿತು. "ಅಯ್ಯ, ಅವ್ವಗ ಹೇಳೀನಲ್ಲೇ!" ಎನ್ನುತ್ತ ಬಸಲಿಂಗನಿಗೆ ಫೋನು ಹಚ್ಚಿದ. ತಾಯಿ, ಮಗ ಆಗಲೇ ಬಸ್ಸು ಹತ್ತಿದ್ದರು. ಬಸ್ಸಿನೊಳಗೆ ಅಳುವಿನ ಸದ್ದು. ಯಮನಪ್ಪ ನಡೆದದ್ದನ್ನೆಲ್ಲ ಬಡಬಡಿಸಿ, ಶೇಖವ್ವನ ಕಿವಿಗೆ ಫೋನು ಒತ್ತಿದ.

"ಅವ್ವಾ, ನಾ ಅದೀನಿ. ನಂಗೇನೂ ಆಗಿಲ್ಲ."

ಆ ಕಡೆ ಅಳು ನಿಂತಿತು. ಆಮೇಲೆ ಮುದುಕಿ ಗಟ್ಟಿಯಾಗಿ ಕೇಳಿದಳು: "ಯಾರಿದು? ಯಾರ ಕಡಿಂದ ಮಾತಾಡಸಾಕತ್ತೀರಿ? ಸಮಾಧಾನ ಮಾಡಾಕ ಯಾರನ್ನರ ಹಿಡಕೊಂಡ್ ಬಂದೀರೇನು? ನನ್ನ ಮಗಳ ದನಿ ನಂಗ ಗೊತ್ತಿಲ್ಲೇನು?"

"ಅವ್ವಾ, ನಾನ..."

"ಇಡು ಫೋನು!"

ಶೇಖವ್ವ ಫೋನನ್ನು ನೋಡುತ್ತ ನಿಂತಳು. ಯಮನಪ್ಪ ಅವಳನ್ನು ನೋಡಿದ. ನಿಜ, ದನಿ ಒಡೆದಿತ್ತು. ತಳದಲ್ಲಿ ಮರಳು ಕೂತ ಕೊಡದಂತೆ ಗರಗರ ಅನ್ನುತ್ತಿತ್ತು. ದಿನವೂ ಒಂದೇ ಕೋಣೆಯಲ್ಲಿ ಉಂಡು ಮಲಗುವ ಅವನಿಗೆ ಇದು ಕೇಳಿಸಿರಲಿಲ್ಲ. ಉಗುರಿನ ನೀಲಿಯನ್ನು ಕಂಡಿದ್ದ. ಬಟ್ಟೆ ಒಗೆಯುವಾಗ ಹಾಕುವ ನೀಲಿ ಇರಬೇಕು ಅಂದುಕೊಂಡು ಸುಮ್ಮನಾಗಿದ್ದ.

ಬೆಳಿಗ್ಗೆ ಬೊಮ್ಮನಹಳ್ಳಿಯ ಬಾಡಿಗೆ ಕೋಣೆಗೆ ಮುದುಕಿ ಬಂದಳು. ಸೀರೆಯ ಸೆರಗು ಮಣ್ಣಾಗಿತ್ತು. ಬಾಗಿಲಲ್ಲಿ ನಿಂತಿದ್ದ ಮಗಳ ಕೆನ್ನೆ, ಕಿವಿ, ಜಡೆ ಎಲ್ಲ ಮುಟ್ಟಿ ನೋಡಿದಳು. ಅಕ್ಕಪಕ್ಕದ ಕೋಣೆಯವರು ನಕ್ಕರು. ಒಂದಕ್ಷರಕ್ಕೆ ಎಷ್ಟು ರಾದ್ಧಾಂತ ಎಂದು ಬಸಲಿಂಗನೂ ನಕ್ಕ. ಮುದುಕಿ ನಗಲಿಲ್ಲ.

"ಸತ್ತಿಲ್ಲ, ಖರೆ," ಅಂದಳು. "ಆದ್ರ ದನಿ ಎಲ್ಲಿ ಹೋತು?"

ಆಕೆ ಅಳಿಯನ ಕಡೆ ತಿರುಗಿದಳು. "ನಾ ಬಸ್ಸಿನ್ಯಾಗ ಫೋನಿನಾಗ ಕೇಳಿ ದನಿ ಕೆಟ್ಟಿದ್ದು ಗುರುತು ಹಿಡದೆ. ನಿಂಗ ಮನಿಯಾಗಿದ್ದೂ ತಿಳೀಲಿಲ್ಲೇನಪ್ಪ?"

ಮರುದಿನ ಗಂಡ ಹೆಂಡತಿ ಗೇಟಿಗೆ ಹೋದರು. ಜಗಳ ಮಾಡುವುದಿಲ್ಲವೆಂದು ಯಮನಪ್ಪ ಮಾತು ಕೊಟ್ಟಿದ್ದ, ಮಾಡಲೂ ಇಲ್ಲ. ಶೇಖವ್ವನೇ ಕೇಳಿದಳು, ಹೊಲಿಗೆಗೆ ವಾಪಸ್ ಹಾಕ್ರಿ ಅಂತ.

"ಲೈನಲ್ಲಿ ಜಾಗ ಇಲ್ಲಮ್ಮ," ಅಂದಳು ಪದ್ಮಾವತಿ. ಆಮೇಲೆ ದನಿ ತಗ್ಗಿಸಿ, "ಮೇಲಿಂದ ಹೇಳಿದ್ದು. ನಾನೇನು ಮಾಡ್ಲಿ, ನಂಗೂ ಮಕ್ಕಳಿದಾರೆ."

ಶೇಖವ್ವ ಕೊರಳಿನ ಕಾರ್ಡು ತೆಗೆದು ಅವಳ ಕೈಯಲ್ಲಿಟ್ಟಳು. "ಬಣ್ಣದಾಗ ಇನ್ನೂ ಆರು ಮಂದಿ ಅದಾರ್ರೀ ಅಕ್ಕ. ಅವರ ಮನಿಗೆ ಬರಿಯುವಾಗ ಸರಿಯಾಗಿ ಬರೀರಿ," ಅಂದಳಷ್ಟೆ.

ಈಗ ಅವಳು ಹಿಂದಿನ ಗಲ್ಲಿಯ ಟೈಲರ್ ಅಂಗಡಿಯಲ್ಲಿ ರವಿಕೆ ಹೊಲಿಯುತ್ತಾಳೆ. ಕೈಯ ಬಣ್ಣ ಬೇಗ ಹೋಯಿತು. ಕೆಮ್ಮು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ದನಿಯ ಬಗ್ಗೆ ಡಾಕ್ಟರು, ನೋಡೋಣ, ಸ್ವಲ್ಪ ಕಾಲ ಬೇಕು ಅನ್ನುತ್ತಾರೆ.

ಯಮನಪ್ಪ ಕೆಲಸದಿಂದ ಬಂದವನು ಕೈಕಾಲು ತೊಳೆದು ಅವಳ ಎದುರಿಗೇ ಕೂರುತ್ತಾನೆ.

"ಏನರ ಮಾತಾಡು," ಅನ್ನುತ್ತಾನೆ.

"ಏನ್ ಮಾತಾಡ್ಲಿ?"

"ಏನರ."

ಅವಳು ಅಂಗಡಿಯ ಸುದ್ದಿ ಹೇಳುತ್ತಾಳೆ. ಅವನು ಸುದ್ದಿ ಕೇಳಿಸಿಕೊಳ್ಳುವುದಿಲ್ಲ, ದನಿ ಕೇಳುತ್ತಾನೆ. ಸುಧಾರಿಸಿತೇ, ಮೊದಲಿನಂತಾಯಿತೇ ಎಂದು ಕಿವಿಗೊಡುತ್ತಾನೆ. ಮೊದಲು ಹೇಗಿತ್ತು ಅನ್ನುವುದು ಮಾತ್ರ ಎಷ್ಟು ಪ್ರಯತ್ನಪಟ್ಟರೂ ಅವನಿಗೆ ನೆನಪಿಗೆ ಬರುವುದಿಲ್ಲ.