ಹಳ್ಳದ ಕರೆಂಟು

ಅಣುಸ್ಥಾವರದಿಂದ ಹೊರಟ ದೊಡ್ಡ ತಂತಿ ಮಾಗೋಡಿನ ಆಚೆಯ ಹನ್ನೊಂದು ಮನೆಗಳ ನೆತ್ತಿಯ ಮೇಲೇ ಹಾದುಹೋಗಿತ್ತು. ಅದಕ್ಕಾಗಿ ಅಲ್ಲಿನ ವಿನೋದಾ ನೆಟ್ಟು ಬೆಳೆಸಿದ ಎರಡು ಹಲಸಿನ ಮರಗಳನ್ನೂ ಕಡಿದಿದ್ದರು. ಮನೆಗಳಲ್ಲಿ ಮಾತ್ರ ಎರಡು ಸಾವಿರದ ಒಂದನೇ ಇಸವಿಯಲ್ಲೂ ಚಿಮಣಿ ದೀಪವೇ.

ಆ ವರ್ಷ ಅಣುವಿದ್ಯುತ್ತು ಎಷ್ಟು ಸುರಕ್ಷಿತವೆಂದು ತಿಳಿಹೇಳಲು ಅಧಿಕಾರಿಯೊಬ್ಬ ಊರಿನ ಶಾಲೆಗೆ ಬಂದ. ಚಿತ್ರ ತೋರಿಸಲು ಜನರೇಟರನ್ನೂ ಹೇರಿಕೊಂಡು ಬಂದಿದ್ದ. ಅದರ ಗದ್ದಲದಲ್ಲಿ ಅವನ ಮಾತೇ ಕೇಳಿಸಲಿಲ್ಲ. ವಿನೋದಾ ಎದ್ದು ಹೋಗಿ ಅದನ್ನು ಬಂದ್ ಮಾಡಿದಳು.

"ಈಗ ಹೇಳಿ. ಈ ತಂತೀಲಿ ಹೋಗೋ ಕರೆಂಟು ನಮ್ಮ ಮನೆಗೆ ಯಾವಾಗ ಇಳೀತದೆ?"

"ಅದೆಲ್ಲ ನಿಮಗೆ ಅರ್ಥ ಆಗೋದಿಲ್ಲಮ್ಮ," ಎಂದು ಅವನು ನಕ್ಕ. "ಸ್ಥಾವರ ಬೇಡ ಅಂತೀರಲ್ಲ, ಕರೆಂಟು ಎಲ್ಲಿಂದ ತರ್ತೀರಿ?"

ಹದಿನೈದು ವರ್ಷ ಸ್ಥಾವರದ ವಿರುದ್ಧ ಯಲ್ಲಾಪುರದ ಮೆರವಣಿಗೆಗಳಲ್ಲಿ ಕೂಗಿ ಕೂಗಿ ಗಂಟಲು ಹರಿದುಕೊಂಡವಳು ವಿನೋದಾ. ಅವನ ನಗುವಿಗೆ ಅವಳ ಮೈಯೆಲ್ಲ ಉರಿದುಹೋಯಿತು. "ಹಳ್ಳದಿಂದ ತರ್ತೇವೆ!" ಎಂದಳು.

ಹೇಳಿದ್ದು ಸಿಟ್ಟಿನಲ್ಲಿ. ಆದರೆ ಸಿದ್ದಾಪುರದ ಕಡೆ ಹಳ್ಳದ ನೀರಿನಿಂದ ಚಕ್ರ ತಿರುಗಿಸಿ ದೀಪ ಉರಿಸುವುದನ್ನು ಅವಳು ಕಣ್ಣಾರೆ ಕಂಡಿದ್ದಳು. ಮರುದಿನವೇ ನೆರೆಮನೆಯ ದುರ್ಗಿಯನ್ನು ಕರೆದುಕೊಂಡು ಹಳ್ಳದ ಗುಂಟ ಹತ್ತಿದಳು. ಹನ್ನೊಂದೂ ಮನೆಯವರು ಕೈಜೋಡಿಸಿದರು. ಮೇಲಿನಿಂದ ಪೈಪು ಎಳೆದು, ಕೆಳಗೆ ಡೈನಮೋ ಕೂರಿಸಬೇಕು ಎನ್ನುವಾಗ ಫಾರೆಸ್ಟಿನವರ ಜೀಪು ಬಂತು. ಅನುಮತಿಯಿಲ್ಲವೆಂದು ಪೈಪನ್ನೆಲ್ಲ ಕಿತ್ತು ಒಯ್ದರು.

"ಬಿಡೇ ಮಾರಾಯ್ತಿ, ಸರ್ಕಾರದವ್ರ ಹತ್ರ ಜಗಳ ಎಂತಕ್ಕೆ?" ಎಂದ ವಿನೋದಾಳ ಗಂಡ ಶಾಂತಾರಾಮ.

"ತಂತಿ ಎಳೆಯಲೆ ಮರ ಕಡ್ದಾಗ ಇದು ಕಾಡಾಗಿತ್ತಿಲ್ಯ? ಆನು ಬಿಡ್ತ್ನಿಲ್ಲೆ!"

ಬೆಳಗಾಗುತ್ತಲೇ ಇಪ್ಪತ್ತು ಹೆಂಗಸರು ಫಾರೆಸ್ಟ್ ಕಚೇರಿಯ ಬಾಗಿಲಿಗೆ ಅಡ್ಡ ಕುಳಿತರು. ಮೂರನೆಯ ದಿನ ಸಾಹೇಬ ಹೊರಬಂದು, "ಅರ್ಜಿ ಕೊಟ್ಟು ಪೈಪು ತಗೊಂಡು ಹೋಗಿ," ಎಂದ.

ದುರ್ಗಿ ಸೆರಗು ಬಿಗಿದು ಎದ್ದಳು. "ಕಿತ್ತವರು ನೀವು. ನೀವೇ ತಂದು ಹಾಕಿ."

ತಂದು ಹಾಕಿದರು. ಅರ್ಧ ಪೈಪು ಒಡೆದಿದ್ದವು. ಹಳೆಯ ಸೈಕಲ್ ಟ್ಯೂಬು ಸುತ್ತಿ, ಬೈದುಕೊಳ್ಳುತ್ತಲೇ ಎಲ್ಲರೂ ಸೇರಿ ಅವನ್ನು ಜೋಡಿಸಿದರು. ದೀಪಾವಳಿಯ ಮೊದಲೇ ಹನ್ನೊಂದೂ ಮನೆಗಳಲ್ಲಿ ಬಲ್ಬು ಹೊತ್ತಿತು. ದುರ್ಗಿ ಸ್ವಿಚ್ಚನ್ನು ಹಾಕಿ ತೆಗೆದು, ಹಾಕಿ ತೆಗೆದು ನಕ್ಕಳು.

ವಿನೋದಾಳ ಸಿಟ್ಟು ಇಳಿಯಲಿಲ್ಲ. ಸ್ಥಾವರಕ್ಕೆ ಇನ್ನೆರಡು ಘಟಕ ಸೇರಿಸುವ ಸುದ್ದಿ ಅದೇ ವಾರ ಪೇಪರಿನಲ್ಲಿ ಬಂದಿತ್ತು. ಶಿರಸಿಯಲ್ಲಿ ವಿರೋಧದ ಸಭೆ. ಈ ಸಲ ಹನ್ನೊಂದೂ ಮನೆಯವರು, ಶಾಂತಾರಾಮನೂ ಸೇರಿ, ಬಸ್ಸಿಗೆ ಕೈ ಅಡ್ಡ ಹಿಡಿದರು.

"ಜಾಗ ಇಲ್ಲ," ಎಂದ ಕಂಡಕ್ಟರ್.

"ನಿಂತೇ ಬರ್ತೇವೆ," ಎನ್ನುತ್ತ ವಿನೋದಾ ಹತ್ತಿದಳು.