ಎರಡನೆಯ ಗುಂಡು

ಗುಂಡು ಹಾರಿದ ರಭಸಕ್ಕೆ ರಿವಾಲ್ವರಿನ ಮೂತಿ ಸೂರಿನ ಕಡೆಗೆ ಎಗರಿತು. ಶರಣಪ್ಪನ ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಜುಮ್ಮೆಂದಿತು. ಎದುರಿನ ಗುರಿಕಾಗದಕ್ಕೆ ಗೀರೂ ಬಿದ್ದಿರಲಿಲ್ಲ.

"ಇದರವ್ವನ! ಹಗುರ ಐತಿ, ಗುಡ್ಡಾ ಹತ್ತಾಕ ಚಲೋ ಅಂತ ಹೇಳಿದ್ರು. ಕತ್ತೆ ಒದ್ದಂಗ ಒದೀತೈತಲ್ಲೋ!"

ಪಕ್ಕದಲ್ಲಿದ್ದ ಮಧುಕರ್ ಕಿವಿಮುಚ್ಚಳ ಸರಿಸಿ ನಕ್ಕ. "ಹೊರೋಕೆ ಹಗುರ ಇದ್ರೆ ಹೊಡೆಯೋಕೆ ಭಾರ ಸರ್."

ಮಧುಕರ್ ಶರಣಪ್ಪನ ಅಪಾರ್ಟ್‌ಮೆಂಟಿನಲ್ಲೇ ಮೇಲಿನ ಮನೆಯವನು, ಮೈಸೂರಿನವನು. ಲಿವರ್‌ಮೋರ್ ಊರಿನ ಹತ್ತಿರದ ಈ ಶೂಟಿಂಗ್ ರೇಂಜಿನಲ್ಲಿ ಒಬ್ಬರೇ ಬಂದರೆ ಬಾಡಿಗೆಗೆ ಗನ್ನು ಕೊಡುವುದಿಲ್ಲ; ಒಂಟಿ ಮನುಷ್ಯ ತನಗೇ ಹೊಡೆದುಕೊಂಡಾನೆಂಬ ಅಂಜಿಕೆ. ಹಾಗಾಗಿ ಶರಣಪ್ಪ ಅವನ ಕೈಕಾಲು ಹಿಡಿದು ಕರೆತಂದಿದ್ದ. ಬರುವ ತಿಂಗಳು ಅಲಾಸ್ಕಾದ ಕಾಡಿಗೆ ಚಾರಣಕ್ಕೆ ಹೋಗುವುದಿತ್ತು. ಅಲ್ಲಿಯ ಕರಡಿ ಇಲ್ಲಿಯದರಂತೆ ಕೂಗಿದರೆ ಓಡುವ ಜಾತಿಯಲ್ಲ.

ಮಧುಕರ್ ಕೌಂಟರಿನಿಂದ ಇನ್ನೊಂದನ್ನು ತಂದ. ಉಕ್ಕಿನದು, ಉದ್ದ ನಳಿಗೆ, ರಬ್ಬರಿನ ಹಿಡಿ.

"ಅದೇ ಫಾರ್ಟಿಫೋರ್ ಸೈಜಿನ ಗುಂಡು ಸರ್, ಮದ್ದು ಮಾತ್ರ ಸ್ವಲ್ಪ ಕಮ್ಮಿ. ಮೊದಲನೇದು ತಪ್ಪಿದ್ರೆ ಎರಡನೇದು ಹೊಡೆಯೋಕೆ ಆಗ್ಬೇಕಲ್ವಾ? ಕರಡಿ ಬಂದ್ರೆ ಒಬ್ರು ಖಾರದ ಸ್ಪ್ರೇ ಹಿಡೀಬೇಕು, ಇನ್ನೊಬ್ರು ಇದು. ವೆಂಕಟೇಶ್ ಸರ್ ಬರ್ತಾರಲ್ಲ?"

"ಆ ಮಗನ ಹೆಸರು ಎತ್ತಬ್ಯಾಡ!"

ಹೋದ ವರ್ಷ ಡೇರೆ ಹಾಕುವ ಜಾಗಕ್ಕೆ ಜಗಳ ತೆಗೆದು, ವೆಂಕಟೇಶನನ್ನು ಅವನ ಹೆಂಡತಿಯ ಎದುರೇ ಹೇಡಿ ಎಂದಿದ್ದ ಶರಣಪ್ಪ. ಅದಕ್ಕೆ ಮುಂಚೆ ಇಬ್ಬರೂ ಜೊತೆಗೆ ಹತ್ತದ ಬೆಟ್ಟವಿರಲಿಲ್ಲ. ಆವತ್ತಿನಿಂದ ಫೋನೂ ಇಲ್ಲ.

"ಮತ್ಯಾರು ಬರ್ತಿದಾರೆ?"

"ನೀ ಬರ್ತಿಯೇನು?"

ಮಾತು ಗದರಿದಂತೆಯೇ ಹೊರಬಿತ್ತು. ಮಧುಕರ್ ತಬ್ಬಿಬ್ಬಾದ. "ಅಯ್ಯೋ, ನಾನೆಲ್ಲಿ ಸರ್... ಮಗಳ ಸ್ಕೂಲು, ಆಫೀಸು, ಮೀಟಿಂಗು..."

"ಸುಮ್ನ ಚಾಷ್ಟಿಗೆ ಕೇಳಿದೆ ಬಿಡು. ಕರಡಿ ನೋಡಿ ನೀನ ಮೊದ್ಲ ಗಿಡಾ ಹತ್ತಾಂವ."

ಮಧುಕರ್ ಜೋರಾಗಿ, ಬೇಕಾದ್ದಕ್ಕಿಂತ ಹೆಚ್ಚೇ ನಕ್ಕ. ಅಷ್ಟರಲ್ಲಿ ಅವನ ಫೋನು ಅಲುಗಿತು.

ಶರಣಪ್ಪ ಕಾಲು ಅಗಲಿಸಿ ನಿಂತ. ಮೊದಲನೆಯದು ಹಾರಿತು. ಮೂತಿ ತುಸು ಎದ್ದು, ಹೇಳಿದ ಮಾತು ಕೇಳುವ ಎತ್ತಿನಂತೆ ಮತ್ತೆ ಕೆಳಗಿಳಿಯಿತು. ಎರಡನೆಯದು ಅದರ ಪಕ್ಕಕ್ಕೇ ಹೋಗಿ ಕೂತಿತು. ಆರೂ ಮುಗಿದಾಗ ನಡುವೆ ಅಂಗೈಯಗಲದ ಜಾಗದಲ್ಲೇ ಎಲ್ಲ ತೂತುಗಳು.

"ನೋಡ್ದೇನೋ!" ಎನ್ನುತ್ತ ತಿರುಗಿದ.

ಮಧುಕರ್ ಗಾಜಿನ ಬಾಗಿಲಾಚೆ ಬೆನ್ನು ಮಾಡಿ ಫೋನಿನಲ್ಲಿ ಮಾತಾಡುತ್ತಿದ್ದ. ಒಂದು ಕೈಯಲ್ಲಿ ಕಾರಿನ ಕೀಲಿ.

ಶರಣಪ್ಪ ರಿವಾಲ್ವರನ್ನು ಬರಿದು ಮಾಡಿ ಕಟ್ಟೆಯ ಮೇಲಿಟ್ಟ. "ಇದ ಇರ್ಲಿ," ಎಂದ. ಕಿವಿಮುಚ್ಚಳದೊಳಗೆ ಅವನ ದನಿ ಅವನಿಗೊಬ್ಬನಿಗೇ ಕೇಳಿಸಿತು. ಗುರಿಕಾಗದ ಎಳೆತರುವ ಗುಂಡಿ ಒತ್ತಿದ. ದೂರದಲ್ಲಿದ್ದ ಕಾಗದ ತಂತಿಯ ಮೇಲೆ ತೂಗಾಡುತ್ತ, ನಿಧಾನವಾಗಿ, ಅವನ ಕಡೆಗೆ ಬರತೊಡಗಿತು.